ಇಂಗ್ಲಿಷಿನಲ್ಲಿ ಕಾಗದ ಬರೆಯುವ ಬಗೆ

ನಾವು ಪಂಡಿತರಲ್ಲ, ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಬಿ. ಎ. ಮುಗಿಸಿ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು ಹನ್ನೆರಡು ವರ್ಷಗಳಾದವು. ಅಂದಿನಿಂದ ನಾವು ಮಾಡುತ್ತಿರುವ ಕೆಲಸವೆಂದರೆ ಇತರರು ಬರೆದ ಇಂಗ್ಲಿಷ್ ಕಾಗದಗಳನ್ನು ಓದುವುದು, ಅವುಗಳ ಮೇಲೆ ಟಿಪ್ಪಣಿ ಬರೆದು ಮೇಲಿನವರ ಮುಂದಿಡುವುದು, ಅವರು ಹೇಳಿದಂತೆ ಉತ್ತರದ ಕರಡನ್ನು ಸಿದ್ಧಪಡಿಸುವುದು. ಇಷ್ಟು ಕಾಗದಗಳನ್ನು ಓದಿದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆವು. ಇಂಗ್ಲಿಷು ಕಡಿಮೆ ಬಂದುದರಿಂದ ಕೆಲಸ ಕೆಡುವುದು ಅಪರೂಪ. ಬರೆದವರಿಗೆ ಬೇಕಾದದ್ದೇನೆಂಬುದು ಕಾಗದದಲ್ಲಿ ಕಾಣದಿದ್ದಾಗ ಕೆಡುವುದೇ ಹೆಚ್ಚು.

ಕನ್ನಡ ನಾಡಿನಿಂದ ಹೊರಗಿರುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಊರಿನಲ್ಲಿದ್ದರೆ ತಾಲ್ಲೂಕು ಕಚೇರಿಗೆ ಕನ್ನಡದಲ್ಲೇ ಒಂದು ಅರ್ಜಿ ಗೀಚಿ ಕೊಟ್ಟೇವು. ಇಲ್ಲಿ ಹಾಗಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿ, ಎಲ್ಲಿದ್ದರೂ ಅಲ್ಲಿಯ ಭಾಷೆ ಮಾತಿಗೆ ಒದಗಿದಷ್ಟು ಬರವಣಿಗೆಗೆ ಒದಗುವುದಿಲ್ಲ. ಬ್ಯಾಂಕು, ವಿಮಾ ಕಂಪನಿ, ಮಕ್ಕಳ ಶಾಲೆ, ಹೌಸಿಂಗ್ ಸೊಸೈಟಿ, ಎಲ್ಲದಕ್ಕೂ ಕೊನೆಗೆ ಇಂಗ್ಲಿಷೇ ಗತಿ. ಹಿಂದೆ ಇದೇ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ದಕ್ಷಿಣ ಕನ್ನಡದ ಹುಡುಗರು ನಿದ್ದೆಗೆಟ್ಟು ಇಂಗ್ಲಿಷು ಕಲಿತರು. ತಮ್ಮ ಕಾಗದವನ್ನು ತಾವೇ ಬರೆಯುವಂತಾದದ್ದು ಅವರಿಗೆ ಎಂಥ ಬಲವಾಗಿದ್ದೀತೆಂಬುದನ್ನು ಊಹಿಸಬಹುದು. ಆದರೂ ಇಂದಿಗೂ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಕಾಫಿ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಕಾಗದ ಹಿಡಿದು ಬಾಗಿಲಿಗೆ ಬರುತ್ತಾರೆ. "ಕನ್ನಡದಲ್ಲಾದರೆ ನಾವೇ ಬರೆಯುತ್ತಿದ್ದೆವು, ಇಂಗ್ಲಿಷು ನೋಡಿ" ಎನ್ನುತ್ತಾರೆ. ಹೀಗೆ ಬಂದ ಒಂದು ಕಾಗದದ ಕಥೆಯಿಂದಲೇ ಆರಂಭಿಸುತ್ತೇವೆ.

ಮೂರು ಪುಟದ ಅರ್ಜಿ

ನಮ್ಮ ಕಟ್ಟಡದ ಎರಡನೆಯ ಮಾಳಿಗೆಯಲ್ಲಿ ಧಾರವಾಡದ ಕಡೆಯ ಒಬ್ಬ ತಾಯಿ ಇದ್ದಾರೆ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವರನ್ನು ಕಾಕೂ ಎಂದೇ ಕರೆಯುವುದು. ಕಳೆದ ವರ್ಷ ಅವರ ಯಜಮಾನರು ತೀರಿಕೊಂಡರು. ಅವರಿಗೆ ಬರುತ್ತಿದ್ದ ಪಿಂಚಣಿ ನಿಂತಿತು. ಕಾಕೂಗೆ ಬರಬೇಕಾದ ಕುಟುಂಬ ಪಿಂಚಣಿ ಆರಂಭವಾಗಲಿಲ್ಲ. ಅವರ ಕಿರಿಯ ಮಗ ಓದಿದ ಹುಡುಗ, ಕಷ್ಟಪಟ್ಟು ಮೂರು ಪುಟದ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದ್ದ. ನಾಲ್ಕು ತಿಂಗಳಾದರೂ ಉತ್ತರ ಬರಲಿಲ್ಲ. ಆಗ ಕಾಕೂ ಆ ಅರ್ಜಿಯ ಪ್ರತಿಯನ್ನು ಸೆರಗಿನಲ್ಲಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು.

ನಾವು ಓದಿದೆವು. ಹುಡುಗನ ಇಂಗ್ಲಿಷಿನಲ್ಲಿ ದೋಷವಿರಲಿಲ್ಲ. 'ವಿತ್ ಫೋಲ್ಡೆಡ್ ಹ್ಯಾಂಡ್ಸ್ ಐ ಬೆಗ್ ಟು ಸ್ಟೇಟ್' ಎಂದು ಕೈ ಮುಗಿದುಕೊಂಡೇ ಕಾಗದ ಹೊರಟಿತ್ತು. ತಂದೆ ಎಷ್ಟು ಪ್ರಾಮಾಣಿಕರು, ಮಳೆಗಾಲದಲ್ಲಿ ರೈಲು ನಿಂತರೂ ಹಳಿಯ ಮೇಲೆ ನಡೆದು ಹೇಗೆ ಕಚೇರಿ ಸೇರುತ್ತಿದ್ದರು, ಕಾಯಿಲೆ ಹೇಗೆ ಬಂತು, ಆಸ್ಪತ್ರೆಯಲ್ಲಿ ಕೊನೆಯ ರಾತ್ರಿ ಏನಾಯಿತು, ಎಲ್ಲವೂ ಇತ್ತು. ಓದುತ್ತ ನಮ್ಮ ಕಣ್ಣೂ ಒದ್ದೆಯಾಯಿತು. ಮೂರನೆಯ ಪುಟದ ಕೊನೆಯಲ್ಲಿ 'ಕೈಂಡ್ಲಿ ಡೂ ದಿ ನೀಡ್‌ಫುಲ್' ಎಂದು ಮುಗಿದಿತ್ತು. ಏನನ್ನು ಮಾಡಬೇಕೆಂದು ಎಲ್ಲಿಯೂ ಇರಲಿಲ್ಲ. ಪಿಂಚಣಿ ಆದೇಶದ ಸಂಖ್ಯೆ ಇರಲಿಲ್ಲ. ತೀರಿಕೊಂಡದ್ದು 'ದೀಪಾವಳಿಗೆ ಸ್ವಲ್ಪ ಮುಂಚೆ' ಎಂದಿತ್ತೇ ಹೊರತು ತಾರೀಖು ಇರಲಿಲ್ಲ. ಮರಣ ಪ್ರಮಾಣಪತ್ರವನ್ನು ಲಗತ್ತಿಸಿರಲಿಲ್ಲ.

ಇಂಥ ಕಾಗದ ಕಚೇರಿಗೆ ಬಂದಾಗ ಏನಾಗುತ್ತದೆ? ಗುಮಾಸ್ತರಾದ ನಾವು ಇದನ್ನು ಒಳಗಿನಿಂದ ಬಲ್ಲೆವು. ಮೊದಲು ಟಪಾಲು ವಿಭಾಗದಲ್ಲಿ ಅದಕ್ಕೊಂದು ಡೈರಿ ನಂಬರು ಬೀಳುತ್ತದೆ. ಅದು ಯಾವ ಮೇಜಿಗೆ ಹೋಗಬೇಕೆಂಬುದನ್ನು ಅಲ್ಲಿಯವರು ಮೇಲ್ಭಾಗದ ನಾಲ್ಕು ಸಾಲು ನೋಡಿ ತೀರ್ಮಾನಿಸುತ್ತಾರೆ. ಮೂರು ಪುಟ ಓದುವ ವ್ಯವಧಾನ ಅವರಿಗಿಲ್ಲ. ಮೇಜಿಗೆ ಬಂದ ಮೇಲೆ ಗುಮಾಸ್ತ ಹಳೆಯ ಫೈಲು ಹುಡುಕಬೇಕು. ಸಂಖ್ಯೆಯಿದ್ದರೆ ಐದು ನಿಮಿಷದ ಕೆಲಸ. ಇಲ್ಲದಿದ್ದರೆ 'ನಾಳೆ ನೋಡೋಣ' ಎಂದು ಪಕ್ಕಕ್ಕಿಡುವ ಕಾಗದ. ಆ ನಾಳೆ ಎಂದಿಗೆ ಬರುತ್ತದೋ ದೇವರೇ ಬಲ್ಲ. ಇದು ನಿರ್ದಯೆಯಲ್ಲವೇ ಎಂದು ಯಾರಾದರೂ ಕೇಳಿದರೆ, ಹೌದು ಎಂದು ನಾವು ತಲೆತಗ್ಗಿಸುತ್ತೇವೆ. ಆದರೆ ಮೇಜಿನ ಮೇಲೆ ದಿನವೂ ಬಂದು ಬೀಳುವ ರಾಶಿಯನ್ನು ಕಂಡವರು ಸ್ವಲ್ಪ ಕ್ಷಮಿಸಿಯಾರು.

ಅಂದು ನಾವು ಕಾಕೂ ಅವರ ಹೆಸರಿನಲ್ಲಿ ಬರೆದ ಕಾಗದ ಇಷ್ಟೇ. ಮೇಲೆ ವಿಷಯ: ಕುಟುಂಬ ಪಿಂಚಣಿ ಆರಂಭಿಸಲು ಕೋರಿಕೆ, ಪಿಂಚಣಿ ಆದೇಶ ಸಂಖ್ಯೆ ಇಂಥದು. ಒಂದನೆಯ ವಾಕ್ಯ: ಈ ಸಂಖ್ಯೆಯಲ್ಲಿ ಪಿಂಚಣಿ ಪಡೆಯುತ್ತಿದ್ದ ನನ್ನ ಪತಿ ಇಂಥವರು ಇಂಥ ತಾರೀಖಿನಂದು ತೀರಿಕೊಂಡರು. ಎರಡನೆಯದು: ನಾನು ಅವರ ಪತ್ನಿ, ನನ್ನ ಹೆಸರು ಆದೇಶದಲ್ಲಿದೆ. ಮೂರನೆಯದು: ಕುಟುಂಬ ಪಿಂಚಣಿಯನ್ನು ಈ ಬ್ಯಾಂಕಿನ ಈ ಖಾತೆಗೆ ಕಳುಹಿಸಬೇಕೆಂದು ಕೋರುತ್ತೇನೆ. ನಾಲ್ಕನೆಯದು: ಈ ಕುರಿತು ಇಂಥ ತಾರೀಖಿನಂದು ಬರೆದಿದ್ದೆ, ಉತ್ತರ ಬಂದಿಲ್ಲ. ಐದನೆಯದು: ಬೇರೆ ಯಾವುದಾದರೂ ಕಾಗದಪತ್ರ ಬೇಕಿದ್ದರೆ ತಿಳಿಸಿರಿ. ಕೊನೆಗೆ ಲಗತ್ತುಗಳ ಪಟ್ಟಿ, ವಿಳಾಸ, ಫೋನ್ ನಂಬರು, ಸಹಿ.

ಕನ್ನಡದಲ್ಲಿ ಅರ್ಥ ಹೇಳಿದಾಗ ಕಾಕೂ ಸುಮ್ಮನೆ ಕೇಳಿದರು. ಆಮೇಲೆ, "ಇದರಾಗ ಅವರ ಬಗ್ಗೆ ಒಂದ್ ಮಾತೂ ಇಲ್ಲಲ್ಲೋ ತಮ್ಮಾ?" ಎಂದರು. ನಮಗೆ ಉತ್ತರ ತೋಚಲಿಲ್ಲ. "ಕಾಕೂ, ಇದು ಕಚೇರಿಗೆ" ಎಂದಷ್ಟೇ ಹೇಳಿ ಸಹಿ ಹಾಕಿಸಿದೆವು. ಮೂರನೆಯ ವಾರ ಒಂದು ಫಾರಮ್ ತುಂಬಿ ಕೊಡಲು ತಿಳಿಸಿ ಉತ್ತರ ಬಂತು. ಎರಡು ತಿಂಗಳಲ್ಲಿ ಪಿಂಚಣಿ ಖಾತೆಗೆ ಬಿತ್ತು. ಆದರೆ ಕಾಕೂ ಕೇಳಿದ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಉಳಿಯಿತು. ಅದಕ್ಕೆ ಮುಂದೆ ಬರುತ್ತೇವೆ.

ವ್ಯವಹಾರದ ಕಾಗದಕ್ಕೆ ಬೇಕಾದದ್ದು

ನಮ್ಮ ಹಿರಿಯರ ಕನ್ನಡ ಕಾಗದಗಳಿಗೆ ಒಂದು ಒಕ್ಕಣೆಯಿತ್ತು. 'ತೀರ್ಥರೂಪು' ಎಂದು ತೊಡಗಿ, ಸಾಷ್ಟಾಂಗ ನಮಸ್ಕಾರ ಹೇಳಿ, 'ಉಭಯ ಕುಶಲೋಪರಿ' ಎಂದು ಕ್ಷೇಮ ಸಮಾಚಾರ ಮುಗಿಸಿ, ಆಮೇಲೆ ನಿಧಾನವಾಗಿ ವಿಷಯಕ್ಕೆ ಬರುವುದು. ಮನೆಗೆ ಬಂದವರಿಗೆ ಮೊದಲು ನೀರು ಬೆಲ್ಲ ಕೊಟ್ಟು ಆಮೇಲೆ ಬಂದ ಕಾರಣ ಕೇಳುವ ನಮ್ಮ ಸಂಪ್ರದಾಯಕ್ಕೆ ಅದು ತಕ್ಕದ್ದೇ. ಆದರೆ ಇಂಗ್ಲಿಷಿನ ವ್ಯವಹಾರದ ಕಾಗದದ ನಡೆ ಇದಕ್ಕೆ ತಿರುಗುಮುರುಗು. ಅಲ್ಲಿ ಬಂದ ಕಾರಣವೇ ಮೊದಲು. ಅದು ಒರಟುತನವಲ್ಲ, ಓದುವವರ ಹೊತ್ತಿಗೆ ತೋರಿಸುವ ಮರ್ಯಾದೆ.

ಬಲಗಡೆ ಅಥವಾ ಎಡಗಡೆ ಮೇಲೆ ನಿಮ್ಮ ವಿಳಾಸ, ಅದರ ಕೆಳಗೆ ತಾರೀಖು. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಯುವುದು ಲೇಸು. 5-6 ಎಂದು ಬರೆದರೆ ನಾವು ಜೂನ್ ಐದು ಎಂದು ಓದುತ್ತೇವೆ, ಅಮೆರಿಕದವರು ಮೇ ಆರು ಎಂದು ಓದುತ್ತಾರೆ. ವಿಳಾಸದಲ್ಲಿ ಪಿನ್ ಸಂಖ್ಯೆಯನ್ನು ಮರೆಯಬಾರದು. ಒಂದೇ ಹೆಸರಿನ ಊರುಗಳೂ ಹತ್ತಾರು ಲಿಪಿಗಳೂ ಇರುವ ದೇಶದಲ್ಲಿ ಟಪಾಲಿನವರಿಗೆ ಅನುಕೂಲವಾಗಲೆಂದು 1972ರ ಆಗಸ್ಟ್ 15ರಿಂದ ಈ ಆರಂಕಿಯ ಸಂಖ್ಯೆ ಜಾರಿಗೆ ಬಂತು. 4ರಿಂದ ಮೊದಲಾದರೆ ಮಹಾರಾಷ್ಟ್ರದ ವಲಯ, 56ರಿಂದ 59ರವರೆಗೆ ನಮ್ಮ ಕರ್ನಾಟಕ.

ಅನಂತರ ಯಾರಿಗೆ ಬರೆಯುತ್ತಿದ್ದೀರೋ ಅವರ ಹುದ್ದೆ ಮತ್ತು ವಿಳಾಸ. ಆಮೇಲೆ ವಿಷಯ, ಅದು ಒಂದೇ ಸಾಲಿನಲ್ಲಿರಬೇಕು, ಸಂಖ್ಯೆಯೂ ಅದರಲ್ಲೇ ಬರಬೇಕು. 'ಕಂಪ್ಲೇಂಟ್' ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯದು. 'ನೀರಿನ ಬಿಲ್ಲಿನಲ್ಲಿ ತಪ್ಪು, ಗ್ರಾಹಕ ಸಂಖ್ಯೆ ಇಂಥದು' ಎಂದರೆ ಕಾಗದ ತಾನಾಗಿ ಸರಿಯಾದ ಮೇಜು ಸೇರುತ್ತದೆ. ಮೊದಲು ಅವರಿಂದ ಕಾಗದ ಬಂದಿದ್ದರೆ ಅದರ ಸಂಖ್ಯೆ, ತಾರೀಖು ಸೇರಿಸಬೇಕು. ಒಡಲಿನಲ್ಲಿ ಮೂರೇ ಸಂಗತಿ: ನಾನು ಯಾರು, ಏನು ನಡೆಯಿತು, ನನಗೆ ಏನು ಬೇಕು. ಎರಡು ಬೇರೆ ಬೇರೆ ಕೋರಿಕೆಗಳಿದ್ದರೆ ಎರಡು ಬೇರೆ ಕಾಗದ ಬರೆಯಿರಿ. ಅವು ಎರಡು ಮೇಜುಗಳಿಗೆ ಹೋಗಬೇಕಾದವು. ಒಂದೇ ಕಾಗದ ಎರಡು ಕಡೆ ಇರಲಾರದು.

ಹೆಸರಿನ ವಿಷಯದಲ್ಲಿ ಕನ್ನಡಿಗರಿಗೆ ವಿಶೇಷ ಎಚ್ಚರಿಕೆ ಬೇಕು. ಮುಂಬಯಿಯ ಪದ್ಧತಿಯಲ್ಲಿ ತನ್ನ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಸಾಲು. ಹಳೆಯ ಮೈಸೂರಿನ ಕಡೆಯವರಿಗೆ ಊರಿನದೊಂದು, ತಂದೆಯದೊಂದು ಇನಿಷಿಯಲ್, ಕೊನೆಗೆ ಹೆಸರು. ಅಡ್ಡಹೆಸರೇ ಇಲ್ಲದವರು ಫಾರಮ್ಮಿನಲ್ಲಿ ಒಂದು ಕಡೆ ಊರನ್ನೂ ಇನ್ನೊಂದು ಕಡೆ ತಂದೆಯನ್ನೂ ಅಡ್ಡಹೆಸರಾಗಿ ಬರೆದು, ಒಬ್ಬರೇ ಇಬ್ಬರಾಗಿ ತೊಂದರೆಗೆ ಸಿಕ್ಕುತ್ತಾರೆ. ಯಾವ ದಾಖಲೆಯ ಬಗ್ಗೆ ಬರೆಯುತ್ತೀರೋ ಆ ದಾಖಲೆಯಲ್ಲಿರುವಂತೆಯೇ ಹೆಸರು ಬರೆದು, ಸಹಿಯ ಕೆಳಗೆ ಅದನ್ನು ಸ್ಪಷ್ಟವಾದ ಅಕ್ಷರದಲ್ಲಿ ಕಾಣಿಸಿ.

ಆರಂಭಕ್ಕೂ ಮುಕ್ತಾಯಕ್ಕೂ ಒಂದು ಜೋಡಿ ಉಂಟು. 'ಸರ್' ಅಥವಾ 'ಮೇಡಮ್' ಎಂದು ಆರಂಭಿಸಿದರೆ 'ಯುವರ್ಸ್ ಫೇತ್‌ಫುಲಿ'. ಹೆಸರು ಹಿಡಿದು 'ಡಿಯರ್ ಮಿಸ್ಟರ್ ಇಂಥವರೇ' ಎಂದು ಆರಂಭಿಸಿದರೆ 'ಯುವರ್ಸ್ ಸಿನ್ಸಿಯರ್ಲಿ'. ಅಮೆರಿಕದವರು ಎಷ್ಟೋ ಸಲ 'ಸಿನ್ಸಿಯರ್ಲಿ' ಎಂದಷ್ಟೇ ಬರೆದು ಮುಗಿಸುತ್ತಾರೆ. 'ಯುವರ್ಸ್' ಎಂಬಲ್ಲಿ ಕೊನೆಯ ಅಕ್ಷರದ ಹಿಂದೆ ಮೇಲೊಂದು ಚುಕ್ಕೆ ಇಡುವ ಅಭ್ಯಾಸ ಬಹಳ ಜನಕ್ಕಿದೆ, ಅದು ಬೇಡ.

ಕಾಗದದ ಒಂದು ಪ್ರತಿಯನ್ನು ತಪ್ಪದೆ ಇಟ್ಟುಕೊಳ್ಳಿರಿ. ಕೈಯಲ್ಲೇ ಕೊಟ್ಟರೆ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿರಿ. ಇದು ಅತಿ ಜಾಗ್ರತೆಯಲ್ಲ. ಬ್ಯಾಂಕುಗಳ ಮೇಲಿನ ದೂರಿಗಾಗಿ ರಿಸರ್ವ್ ಬ್ಯಾಂಕು 2021ರಲ್ಲಿ ಮಾಡಿದ ಒಂಬುಡ್ಸ್‌ಮನ್ ಯೋಜನೆಯಲ್ಲಿ, ಮೊದಲು ಬ್ಯಾಂಕಿಗೇ ದೂರು ಬರೆದಿರಬೇಕು, 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಾಗಿರದಿದ್ದರೆ ಮೇಲಕ್ಕೆ ಹೋಗಬಹುದು ಎಂಬ ನಿಯಮವಿಟ್ಟರು. ಮೊದಲು ಬರೆದದ್ದಕ್ಕೆ ತಾರೀಖಿನ ಸಾಕ್ಷಿ ಇಲ್ಲದವರ ಗತಿಯೇನು?

ತಪ್ಪು ಇಂಗ್ಲಿಷಿನ ಒಳ್ಳೆಯ ಕಾಗದ

ಇಂಗ್ಲಿಷಿಗೆ ಹೆದರುವವರಿಗೆ ನಾವು ಒಂದು ಕಾಗದದ ಕಥೆ ಹೇಳುವುದುಂಟು. 1909ರಲ್ಲಿ ಬಂಗಾಳದ ಕಡೆಯ ಓಖಿಲ್ ಚಂದ್ರ ಸೇನ್ ಎಂಬವರು ಸಾಹಿಬ್‌ಗಂಜ್ ರೈಲ್ವೆ ಕಚೇರಿಗೆ ಬರೆದರೆಂದು ಪ್ರಸಿದ್ಧವಾದ ಕಾಗದವದು. ದಿಲ್ಲಿಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಬಂದಿದೆ. ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟು, ನಿಲ್ದಾಣದಲ್ಲಿ ಇಳಿದು ಶೌಚಕ್ಕೆ ಹೋಗಿದ್ದಾಗ ಗಾರ್ಡು ಸೀಟಿ ಊದಿದ, ಇವರು ಒಂದು ಕೈಯಲ್ಲಿ ಚೊಂಬು ಇನ್ನೊಂದು ಕೈಯಲ್ಲಿ ಪಂಚೆ ಹಿಡಿದು ಓಡುವಾಗ ಬಿದ್ದರು, ಜನ ನೋಡಿ ನಕ್ಕರು, ರೈಲು ಹೋಯಿತು. ಅದರ ಇಂಗ್ಲಿಷಿನಲ್ಲಿ ಸಾಲಿಗೊಂದು ತಪ್ಪು. ಆ ಕಾಲಕ್ಕೆ ಕೆಳದರ್ಜೆಯ ಡಬ್ಬಿಗಳಲ್ಲಿ ಶೌಚಾಲಯ ಇರಲಿಲ್ಲ; ಅದನ್ನು ಮಾಡಿಸಲು ಈ ಕಾಗದವೇ ಕಾರಣವಾಯಿತೆಂದು ಪ್ರತೀತಿ.

ಓದಿದವರೆಲ್ಲ ನಗುತ್ತಾರೆ. ಗುಮಾಸ್ತರ ಕಣ್ಣಿನಿಂದ ನೋಡಿದರೆ ಅದು ಒಳ್ಳೆಯ ಕಾಗದ. ಯಾವ ನಿಲ್ದಾಣ ಎಂಬುದಿದೆ. ಏನಾಯಿತೆಂಬುದು ಕ್ರಮವಾಗಿದೆ. ತಪ್ಪು ಯಾರದೆಂದಿದೆ. ಗಾರ್ಡನಿಗೆ ದಂಡ ಹಾಕಬೇಕು, ಇಲ್ಲವಾದರೆ ಪತ್ರಿಕೆಗಳಿಗೆ ತಿಳಿಸುತ್ತೇನೆ ಎಂದು ಕೋರಿಕೆಯೂ ಸ್ಪಷ್ಟವಾಗಿದೆ. ಅರ್ಧ ಪುಟದಲ್ಲಿ ಎಲ್ಲ ಮುಗಿದಿದೆ. ಕಾಕೂ ಅವರ ಮಗನ ಮೂರು ಪುಟದ ಶುದ್ಧ ಇಂಗ್ಲಿಷಿಗೂ ಇದಕ್ಕೂ ಇರುವ ಅಂತರವನ್ನು ವಾಚಕರೇ ತೂಗಿ ನೋಡಬಹುದು.

ಮಾತು ಕಡಿಮೆ ಮಾಡುವ ಪಾಠವನ್ನು ನಮ್ಮ ಹಿರಿಯರಿಗೆ ತಂತಿ ಕಲಿಸಿತ್ತು. ಪದಕ್ಕಿಷ್ಟು ಎಂದು ಹಣ ತೆರಬೇಕಾದಾಗ ಯಾವ ಪದ ಬೇಕು, ಯಾವುದು ಬೇಡ ಎಂಬುದು ತಾನಾಗಿ ಹೊಳೆಯುತ್ತಿತ್ತು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತುಹೋಯಿತು. ಈಗ ಇ-ಮೇಲಿನಲ್ಲಿ ಎಷ್ಟು ಬರೆದರೂ ಕಾಸಿಲ್ಲವಾದ್ದರಿಂದ ಕಾಗದಗಳು ಮತ್ತೆ ಉದ್ದವಾಗಿವೆ. ಇ-ಮೇಲಿಗೂ ಮೇಲಿನ ನಿಯಮಗಳೇ ಸಾಕು. ವಿಷಯದ ಸಾಲನ್ನು ಖಾಲಿ ಬಿಡಬೇಡಿ. ಕಳುಹಿಸುವ ಮುನ್ನ ಲಗತ್ತು ಸೇರಿದೆಯೇ ನೋಡಿ. ಇಂದು ಕೇಳಿದರೆ ಯಂತ್ರವೇ ಸೊಗಸಾದ ಇಂಗ್ಲಿಷ್ ಕಾಗದ ಬರೆದುಕೊಡುತ್ತದೆ. ವ್ಯಾಕರಣ ತಿದ್ದಲು ಅದು ಒಳ್ಳೆಯ ಸಹಾಯ. ಆದರೆ ನಿಮ್ಮ ಖಾತೆಯ ಸಂಖ್ಯೆ, ನಿಮಗೆ ಆದ ಅನ್ಯಾಯ, ನಿಮಗೆ ಬೇಕಾದ ಪರಿಹಾರ ಅದಕ್ಕೆ ಗೊತ್ತಿಲ್ಲ. ಅವನ್ನು ನೀವೇ ಕೊಡಬೇಕು.

ನಮ್ಮ ಕಚೇರಿಗಳ ಇಂಗ್ಲಿಷನ್ನು ನೋಡಿ ಕಲಿಯುವುದೂ ಬೇಡ. ನಾವು 'ಐ ಆಮ್ ಡೈರೆಕ್ಟೆಡ್ ಟು ಸೇ' ಎಂದು ಬರೆಯುವುದಕ್ಕೆ ಕಾರಣವಿದೆ. ಅಲ್ಲಿ ಮಾತಾಡುವವರು ನಾವಲ್ಲ, ಸರಕಾರ. ಮನೆಯ ನಲ್ಲಿ ಕೆಟ್ಟದ್ದಕ್ಕೆ ಸೊಸೈಟಿಯ ಕಾರ್ಯದರ್ಶಿಗೆ ಬರೆಯುವವರಿಗೆ ಆ ಠೀವಿ ಏಕೆ? ಇಂಗ್ಲಿಷರ ನಾಡಿನಲ್ಲೂ ಈ ರೋಗವಿತ್ತು. ಅಲ್ಲಿಯ ಖಜಾನೆ ಇಲಾಖೆಯ ಕೋರಿಕೆಯ ಮೇಲೆ ಸರ್ ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿ 1948ರಲ್ಲಿ 'ಪ್ಲೇನ್ ವರ್ಡ್ಸ್' ಎಂಬ ಚಿಕ್ಕ ಪುಸ್ತಕ ಬರೆದು, ಸರಕಾರಿ ನೌಕರರಿಗೆ ಸರಳವಾಗಿ ಬರೆಯುವುದನ್ನು ಹೇಳಿಕೊಟ್ಟರು. 1954ರಲ್ಲಿ ಅದು 'ದಿ ಕಂಪ್ಲೀಟ್ ಪ್ಲೇನ್ ವರ್ಡ್ಸ್' ಎಂಬ ದೊಡ್ಡ ಪುಸ್ತಕವಾಗಿ ಬಂತು. ಕಾಗದ ಓದುವವನ ಜಾಗದಲ್ಲಿ ನಿಂತು ಯೋಚಿಸಬೇಕೆಂಬುದು ಅದರ ತಿರುಳು.

ಇನ್ನು ಕೆಲವು ಪದಗಳು ನಮ್ಮ ದೇಶದಲ್ಲಿ ನಡೆಯುತ್ತವೆ, ಹೊರಗೆ ತಡವರಿಸುತ್ತವೆ. 'ರಿವರ್ಟ್' ಎಂದರೆ ಉತ್ತರ ಕೊಡುವುದೆಂದು ನಾವು ಬಳಸುತ್ತೇವೆ. ಅದರ ಮೂಲಾರ್ಥ ಹಿಂದಿನ ಸ್ಥಿತಿಗೆ ಮರಳುವುದು. 'ಪ್ರಿಪೋನ್' ನಮ್ಮವರಲ್ಲಿ ರೂಢಿಯಲ್ಲಿರುವ ಪದ. ಅದು ಬಹಳ ಚೆನ್ನಾಗಿದೆ, ಆದರೆ ಲಂಡನ್ನಿನವರಿಗೆ ಬರೆಯುವಾಗ ಬೇಡ. ಸತ್ತವರನ್ನು 'ಎಕ್ಸ್‌ಪೈರ್ಡ್' ಎನ್ನುವುದು ಇಲ್ಲಿಯ ರೂಢಿ. ಹೊರಗಿನವರ ಕಿವಿಗೆ ಅದು ಔಷಧದ ಬಾಟಲಿಗೆ ಹೇಳಿದ ಮಾತಾಗಿ ಕೇಳುತ್ತದೆ. 'ಡೈಡ್' ಎಂಬುದು ಒರಟಲ್ಲ. ಅದೇ ಸರಿಯಾದ ಪದ.

ಇಂಗ್ಲಿಷು ಬಾರದೆಂದು ಕುಗ್ಗಬೇಕಾಗಿಲ್ಲವೆಂಬ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ನಮ್ಮ ಸಂವಿಧಾನದ 350ನೆಯ ವಿಧಿಯ ಪ್ರಕಾರ ಕುಂದುಕೊರತೆಯ ಬಿನ್ನಹವನ್ನು ಒಕ್ಕೂಟದ ಅಥವಾ ರಾಜ್ಯದ ಅಧಿಕಾರಿಗೆ, ಆಯಾ ಒಕ್ಕೂಟ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಲು ಪ್ರತಿಯೊಬ್ಬರಿಗೂ ಹಕ್ಕಿದೆ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಇಂಗ್ಲಿಷು, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಕೊಡಬಹುದು. ಇಂಗ್ಲಿಷಿನಲ್ಲಿ ಬರೆದರೆ ಕೆಲಸ ಬೇಗ ಆದೀತೆಂಬ ಕಾರಣಕ್ಕೆ ಅದನ್ನು ಬಳಸೋಣ. ಅದರ ಮುಂದೆ ಕೈಕಟ್ಟಿ ನಿಲ್ಲುವುದು ಬೇಡ.

ಆಪ್ತರಿಗೆ ಬರೆಯುವ ಕಾಗದ

ಆಪ್ತರಿಗೆ ಇಂಗ್ಲಿಷಿನಲ್ಲಿ ಏಕೆ ಬರೆಯಬೇಕೆಂದು ಕೆಲವರು ಕೇಳಬಹುದು. ಕನ್ನಡ ಬಲ್ಲವರಿಗೆ ಕನ್ನಡದಲ್ಲೇ ಬರೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರಊರಿನ ಬಾಳಿನಲ್ಲಿ ನಮಗೆ ತಮಿಳರು, ಬಂಗಾಳಿಗಳು, ಪಂಜಾಬಿಗಳು ಗೆಳೆಯರಾಗುತ್ತಾರೆ. ಬೇರೆ ಭಾಷೆಯ ಮನೆಯಿಂದ ಸೊಸೆ ಬರುತ್ತಾಳೆ, ಅಳಿಯ ಬರುತ್ತಾನೆ. ಅವರ ತಂದೆತಾಯಿಗಳಿಗೆ ಬರೆಯಲು ಇಂಗ್ಲಿಷೇ ಸೇತುವೆ.

ಈ ಬಗೆಯ ಕಾಗದದಲ್ಲಿ ನಾವು ಮಾಡಿದ ಒಂದು ತಪ್ಪನ್ನು ನಾಚಿಕೆಯಿಂದಲೇ ಹೇಳಬೇಕಾಗಿದೆ. ನಮ್ಮ ಪಕ್ಕದ ಮೇಜಿನಲ್ಲಿ ಐದು ವರ್ಷ ಕುಳಿತಿದ್ದ ತಮಿಳು ಗೆಳೆಯರೊಬ್ಬರು ವರ್ಗವಾಗಿ ಚೆನ್ನೈಗೆ ಹೋದರು. ಅವರ ತಾಯಿ ತೀರಿಕೊಂಡ ಸುದ್ದಿ ಬಂತು. ಆ ತಾಯಿ ನಮಗೆ ಅಪರಿಚಿತರಲ್ಲ. ಅವರು ಕಟ್ಟಿ ಕಳುಹಿಸಿದ ಮೊಸರನ್ನ, ಹೇರಳೆಕಾಯಿ ಉಪ್ಪಿನಕಾಯಿಯನ್ನು ನಾವು ಎಷ್ಟೋ ಮಧ್ಯಾಹ್ನ ಉಂಡಿದ್ದೆವು. ನಾವು ಒಡನೆ ಕಾಗದ ಬರೆದೆವು. ಆದರೆ ಕೈಗೆ ಅಂಟಿದ ಕಚೇರಿಯ ಅಭ್ಯಾಸ ಎಲ್ಲಿ ಬಿಟ್ಟೀತು? ತಮ್ಮ ತಾಯಿಯವರ ನಿಧನದ ವಿಷಯವನ್ನು ತಿಳಿದು ವಿಷಾದವಾಯಿತು, ದಯವಿಟ್ಟು ನಮ್ಮ ಸಂತಾಪವನ್ನು ಸ್ವೀಕರಿಸಬೇಕು ಎಂಬಂತಹ ನಾಲ್ಕು ಸಾಲು. ಹದಿನೈದು ದಿನಗಳ ಮೇಲೆ ಅವರ ಉತ್ತರ ಬಂತು. 'ನಿಮ್ಮ ಕಾಗದ ತಲುಪಿತು, ಅದನ್ನು ಫೈಲಿಗೆ ಸೇರಿಸಿದ್ದೇನೆ' ಎಂದು ಬರೆದಿದ್ದರು. ಅಷ್ಟೇ. ನಮ್ಮ ಮನೆಯವರು ಅದನ್ನು ಓದಿ, "ಅವರು ಬರೆದದ್ದರಲ್ಲಿ ತಪ್ಪೇನಿದೆ? ನೀವು ಕಳುಹಿಸಿದ್ದೂ ಫೈಲೇ ಅಲ್ಲವೇ?" ಎಂದರು.

ಆ ರಾತ್ರಿ ಮತ್ತೆ ಬರೆಯಲು ಕುಳಿತೆವು. ಈ ಸಲ ಹೇರಳೆಕಾಯಿ ಉಪ್ಪಿನಕಾಯಿಯ ಮಾತು ಬರೆದೆವು. ನಾವು ಒಮ್ಮೆ ಜ್ವರದಿಂದ ಮಲಗಿದ್ದಾಗ ಅವರ ತಾಯಿ ಮಗನ ಕೈಯಲ್ಲಿ ಮೆಣಸಿನ ಸಾರು ಕಳುಹಿಸಿದ್ದನ್ನು ಬರೆದೆವು. 'ಷಿ ಫೆಡ್ ಮಿ ಟೂ' ಎಂಬುದು ಅದರ ಒಂದು ಸಾಲು. ಎಲ್ಲವೂ ಪ್ರಾಥಮಿಕ ಶಾಲೆಯ ಮಕ್ಕಳು ಬಲ್ಲ ಪದಗಳೇ. ಗೆಳೆಯರು ಉತ್ತರ ಬರೆಯಲಿಲ್ಲ, ಫೋನು ಮಾಡಿದರು. ಬಹಳ ಹೊತ್ತು ಮಾತಾಡಲಿಲ್ಲ, ಆದರೆ ಫೋನು ಇಡಲೂ ಇಲ್ಲ.

ಆಪ್ತರ ಕಾಗದಕ್ಕೆ ನಿಯಮವೆಂದರೆ ಇದೊಂದೇ: ನೀವಲ್ಲದೆ ಬೇರೆ ಯಾರೂ ಬರೆಯಲಾರದ ಒಂದು ಸಂಗತಿಯಾದರೂ ಅದರಲ್ಲಿರಬೇಕು. ಪುಟ್ಟ ಪದಗಳಿಂದಲೇ ಅದು ಆಗುತ್ತದೆ. 1928ರ ಬೇಸಿಗೆಯಲ್ಲಿ ಜವಾಹರಲಾಲ ನೆಹರೂ ಅಲಹಾಬಾದಿನಿಂದ, ಮಸ್ಸೂರಿಯಲ್ಲಿದ್ದ ಹತ್ತು ವರ್ಷದ ಮಗಳು ಇಂದಿರೆಗೆ ಇಂಗ್ಲಿಷಿನಲ್ಲಿ ಕಾಗದಗಳನ್ನು ಬರೆದರು. 1929ರಲ್ಲಿ ಅವು ಪುಸ್ತಕವಾದವು. ಭೂಮಿ ಹುಟ್ಟಿದ್ದು, ಮನುಷ್ಯ ಬಂದದ್ದು, ಭಾಷೆಗಳು ಬೆಳೆದದ್ದು, ಇಂಥ ದೊಡ್ಡ ವಿಷಯಗಳನ್ನೆಲ್ಲ ಅವರು ಮಗಳಿಗೆ ತಿಳಿಯುವ ಮಾತಿನಲ್ಲಿ ಹೇಳಿದರು. ಕೇಂಬ್ರಿಜ್ಜಿನಲ್ಲಿ ಓದಿದ ಬ್ಯಾರಿಸ್ಟರರಿಗೆ ದೊಡ್ಡ ಪದಗಳ ಕೊರತೆಯಿರಲಿಲ್ಲ; ಎದುರಿಗೆ ಹತ್ತು ವರ್ಷದ ಮಗಳಿದ್ದಾಳೆಂಬುದನ್ನು ಅವರು ಮರೆಯಲಿಲ್ಲ.

ಸಂಬಂಧದ ಹೆಸರುಗಳ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ದೊಡ್ಡಪ್ಪ,ಚಿಕ್ಕಪ್ಪ, ಸೋದರಮಾವ ಎಲ್ಲರೂ 'ಅಂಕಲ್'. ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ ಎಲ್ಲರೂ 'ಆಂಟಿ'. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಕನ್ನಡ ಬರೆಯಲಾರದೆ ಊರಿಗೆ ಇಂಗ್ಲಿಷಿನಲ್ಲಿ ಬರೆಯುವಾಗಲೂ 'ಡಿಯರ್ ದೊಡ್ಡಪ್ಪ', 'ಡಿಯರ್ ಸೋದರತ್ತೆ' ಎಂದೇ ಆರಂಭಿಸಲಿ. ತಲೆಯ ಮೇಲೆ 'ಕ್ಷೇಮ' ಎಂದೋ, ಕೊನೆಯಲ್ಲಿ 'ನಮಸ್ಕಾರಗಳು' ಎಂದೋ ಕನ್ನಡ ಅಕ್ಷರದಲ್ಲಿ ಒಂದು ಪದ ಬರೆಯಿಸಿರಿ. ಅಜ್ಜನಿಗೆ ಉಳಿದದ್ದನ್ನು ಯಾರಾದರೂ ಓದಿ ಹೇಳಿಯಾರು. ಆ ಒಂದು ಪದವನ್ನು ಆತ ತಾನೇ ಓದಿಕೊಳ್ಳುತ್ತಾನೆ.

ಕಾಕೂ ಅವರ ಎರಡನೆಯ ಕಾಗದ

ಮತ್ತೆ ಕಾಕೂ ಅವರ ಮಾತಿಗೆ ಬರುತ್ತೇವೆ. ಪಿಂಚಣಿ ಬಂದ ಮೇಲೆ ಒಂದು ದಿನ ಅವರು ಒಂದು ಹಳೆಯ ಫೋಟೋ ತಂದು ತೋರಿಸಿದರು. ಯಜಮಾನರ ಪಕ್ಕದಲ್ಲಿ ಒಬ್ಬ ಸರದಾರಜಿ. ಇಬ್ಬರೂ ಇಪ್ಪತ್ತು ವರ್ಷ ಒಟ್ಟಿಗೆ ದುಡಿದವರು. ಈಗ ಅವರು ದಿಲ್ಲಿಯಲ್ಲಿದ್ದಾರೆ. ತೀರಿಕೊಂಡ ಸುದ್ದಿಯನ್ನು ಯಾರೂ ಅವರಿಗೆ ತಿಳಿಸಿರಲಿಲ್ಲ. "ನೀನೇ ಬರದು ಕೊಡು ತಮ್ಮಾ" ಎಂದರು ಕಾಕೂ.

ನಾವು ಬರೆಯಲಿಲ್ಲ. "ಕಾಕೂ, ನಿಮ್ಮ ಮಗ ಆಗಲೇ ಬರೆದಿದ್ದಾನೆ" ಎಂದು ಆ ಮೂರು ಪುಟಗಳನ್ನು ತರಿಸಿದೆವು. ಹುಡುಗನನ್ನು ಕೂರಿಸಿಕೊಂಡು 'ಐ ಬೆಗ್ ಟು ಸ್ಟೇಟ್' ತೆಗೆದೆವು, 'ನೀಡ್‌ಫುಲ್' ತೆಗೆದೆವು, 'ಸರ್' ಇದ್ದಲ್ಲಿ 'ಡಿಯರ್ ಅಂಕಲ್' ಹಾಕಿದೆವು. ಉಳಿದದ್ದನ್ನು ಮುಟ್ಟಲಿಲ್ಲ. ಮಳೆಯಲ್ಲಿ ಹಳಿಯ ಮೇಲೆ ನಡೆದದ್ದು, ಕೊನೆಯ ರಾತ್ರಿಯ ಮಾತು, ಎಲ್ಲವೂ ಹಾಗೆಯೇ ಹೋಯಿತು. ಕಚೇರಿಯಲ್ಲಿ ನಾಲ್ಕು ತಿಂಗಳು ಯಾರಿಗೂ ಬೇಡವಾಗಿದ್ದ ಪುಟಗಳಿಗೆ ದಿಲ್ಲಿಯಿಂದ ಹತ್ತು ದಿನದಲ್ಲಿ ಉತ್ತರ ಬಂತು. ಆ ಮುದುಕರು ನಡುಗುವ ಕೈಯಿಂದ ಇಂಗ್ಲಿಷಿನಲ್ಲಿ ಎರಡು ಪುಟ ಬರೆದಿದ್ದರು. ಮಳೆಯಲ್ಲಿ ಹಳಿಯ ಮೇಲೆ ನಡೆದ ದಿನ ತಾವೂ ಜೊತೆಯಲ್ಲಿದ್ದುದಾಗಿ, ದಾರಿಯುದ್ದಕ್ಕೂ ನಿಮ್ಮ ಯಜಮಾನರು ಯಾವುದೋ ಕನ್ನಡ ಪದ ಹೇಳುತ್ತ ಬಂದುದಾಗಿ ಅದರಲ್ಲಿತ್ತು. ನಾವು ಅದನ್ನು ಕನ್ನಡದಲ್ಲಿ ಹೇಳುತ್ತ ಹೋದಂತೆ ಕಾಕೂ, "ಇನ್ನೊಮ್ಮೆ ಓದೋ ತಮ್ಮಾ" ಎಂದರು. ಮೂರು ಸಲ ಓದಿದೆವು.

ಆದ್ದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೇ. ಇಂಗ್ಲಿಷಿನಲ್ಲಿ ಬರೆಯಲು ಕುಳಿತಾಗ ಪದಕೋಶ ತೆರೆಯುವ ಮೊದಲು, ಇದನ್ನು ಓದುವವರು ಯಾರು ಎಂದು ಒಂದು ಗಳಿಗೆ ಯೋಚಿಸಿರಿ. ಗುಮಾಸ್ತರಾದರೆ ಸಂಖ್ಯೆ, ತಾರೀಖು, ಕೋರಿಕೆ ಕೊಡಿ; ಅವನ ಕೆಲಸ ಹಗುರಾಗುತ್ತದೆ, ನಿಮ್ಮದೂ ಆಗುತ್ತದೆ. ಆಪ್ತರಾದರೆ ನಿಮ್ಮ ಮನಸ್ಸನ್ನು ಕೊಡಿ; ವ್ಯಾಕರಣದ ತಪ್ಪನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉತ್ತರ ಬರೆಯಬೇಕಾದ ಕಾಗದ ಯಾವುದಾದರೂ ಮನೆಯಲ್ಲಿ ಬಹಳ ದಿನದಿಂದ ಕಾದಿದ್ದರೆ, ಈ ಭಾನುವಾರವೇ ಬರೆದು ಮುಗಿಸಿರಿ. ಇತ್ತ ನಾವೆಲ್ಲ ಕ್ಷೇಮ.